ಪೆನ್ ಬ್ಲ್ಯಾಂಕ್ ಎರಕಕ್ಕೆ ಯಾವ ರೆಸಿನ್? ಬೇಗ ಗಟ್ಟಿಯಾಗುವ ಯುರೇಥೇನ್, ಪಾಲಿಯೆಸ್ಟರ್ ಮತ್ತು ಎಪಾಕ್ಸಿಗಳ ಹೋಲಿಕೆ

ಲೇತ್ ಎಂಬ ತಿರುಗುವ ಯಂತ್ರದಲ್ಲಿ ಕಡೆದು ಪೆನ್ನಿನ ಮೈಯಾಗಿಸುವ ಉದ್ದನೆಯ ತುಂಡಿಗೆ ಪೆನ್ ಬ್ಲ್ಯಾಂಕ್ ಎನ್ನುತ್ತಾರೆ. ಅದರ ರೂಢಿಯ ಅಳತೆ ಸುಮಾರು 19 ಮಿ.ಮೀ. ಚೌಕ ಮತ್ತು 127 ಮಿ.ಮೀ. ಉದ್ದ, ಅಚ್ಚನ್ನು ತುಂಬಲು 46 ಮಿಲಿಲೀಟರಿನಷ್ಟು ರೆಸಿನ್ (ದ್ರವವಾಗಿ ಹೊಯ್ದು ಗಟ್ಟಿಯಾಗಲು ಬಿಡುವ ಪ್ಲಾಸ್ಟಿಕ್) ಸಾಕು. ಇಷ್ಟು ಸಣ್ಣ ಎರಕಕ್ಕೆ ಪಾರದರ್ಶಕವಾದ ಯಾವ ರೆಸಿನ್ ಆದರೂ ನಡೆದೀತು ಎಂದು ಹೊಸಬರಿಗೆ ಅನ್ನಿಸುವುದು ಸಹಜ. ಆದರೆ ಎರಕವಾದ ಮೇಲೆ ಆ ತುಂಡಿನ ನಡುವೆ ಡ್ರಿಲ್ ಹಾಯುತ್ತದೆ, ಹೊರಮೈಗೆ ಉಳಿಯ ಪೆಟ್ಟು ಬೀಳುತ್ತದೆ, ಕಟ್ಟಕಡೆಗೆ ಆ ತೂತಿನೊಳಗೆ ಅಂಟಿಸಿದ ಹಿತ್ತಾಳೆಯ ಕೊಳವೆಯ ಮೇಲೆ ಒಂದೆರಡು ಮಿಲಿಮೀಟರ್ ದಪ್ಪದ ಸಿಪ್ಪೆಯಾಗಿ ಉಳಿದು ವರ್ಷಗಟ್ಟಲೆ ಕೈಯ ಬಿಸಿಯನ್ನೂ ಬೆವರನ್ನೂ ತಾಳಬೇಕಾಗುತ್ತದೆ. ಬಾಟಲಿಯಲ್ಲಿ ನೋಡಿದಾಗ ಒಂದೇ ಬಗೆಯಾಗಿ ಕಾಣುವ ರೆಸಿನ್‌ಗಳು ಬೇರೆಬೇರೆಯಾಗಿ ನಡೆದುಕೊಳ್ಳುವುದು ಇಂಥ ಕಡೆಗಳಲ್ಲಿ.

ಈ ಕೆಲಸಕ್ಕೆ ಬಳಕೆಯಲ್ಲಿರುವ ರೆಸಿನ್‌ಗಳು ಮುಖ್ಯವಾಗಿ ಮೂರು: ಬೇಗ ಗಟ್ಟಿಯಾಗುವ ಪಾರದರ್ಶಕ ಯುರೇಥೇನ್, ಹಳೆಯ ಪಾಲಿಯೆಸ್ಟರ್, ಮತ್ತು ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ. ನೇರಳಾತೀತ ಬೆಳಕಿಗೆ ಗಟ್ಟಿಯಾಗುವ ರೆಸಿನ್ ನಾಲ್ಕನೆಯದಾದರೂ ಅದರ ಪಾತ್ರ ಚಿಕ್ಕದು. ಇವುಗಳಲ್ಲಿ ಯಾವುದು ಉತ್ತಮ ಎಂದು ಕೇಳುವುದಕ್ಕಿಂತ ಬ್ಲ್ಯಾಂಕಿನ ಒಳಗೆ ಏನನ್ನು ಹುದುಗಿಸಲಿದ್ದೀರಿ, ಒತ್ತಡದ ಪಾತ್ರೆ (ಗುಳ್ಳೆಗಳನ್ನು ಕುಗ್ಗಿಸಲು ಅಚ್ಚನ್ನು ಒಳಗಿಟ್ಟು ಗಾಳಿ ತುಂಬುವ ಪ್ರೆಶರ್ ಪಾಟ್) ನಿಮ್ಮಲ್ಲಿದೆಯೇ ಎಂಬ ಎರಡು ಪ್ರಶ್ನೆಗಳನ್ನು ಮೊದಲು ಕೇಳಿಕೊಳ್ಳುವುದು ಒಳ್ಳೆಯದು. ಆಯ್ಕೆಯ ಬಹುಪಾಲು ಅಲ್ಲಿಯೇ ತೀರ್ಮಾನವಾಗುತ್ತದೆ.

ಎರಡು ಗಡಿಯಾರಗಳು

ಬೇಗ ಗಟ್ಟಿಯಾಗುತ್ತದೆ ಎಂಬ ಮಾತಿನಲ್ಲಿ ಎರಡು ಬೇರೆ ಅವಧಿಗಳು ಸೇರಿಕೊಂಡಿವೆ. ಎರಡು ಭಾಗಗಳನ್ನು ಬೆರೆಸಿದ ಕ್ಷಣದಿಂದ ರೆಸಿನ್ ಹೆಪ್ಪುಗಟ್ಟುವವರೆಗೆ ಕೈಯಲ್ಲಿರುವ ಸಮಯ ಒಂದು. ಅಚ್ಚಿನಿಂದ ತುಂಡನ್ನು ಬಿಡಿಸಲು ಕಾಯಬೇಕಾದ ಸಮಯ ಇನ್ನೊಂದು. ಕೊಳ್ಳುವವರು ಸಾಮಾನ್ಯವಾಗಿ ಎರಡನೆಯದನ್ನು ನೋಡಿ ಆಸೆಪಡುತ್ತಾರೆ, ಕೆಲಸಕ್ಕೆ ಇಳಿದಾಗ ಮೊದಲನೆಯದು ಅವರನ್ನು ಓಡಿಸುತ್ತದೆ. ಪೆನ್ ಕಡೆಯುವವರಲ್ಲಿ ಬಹಳ ಬಳಕೆಯಲ್ಲಿರುವ ಅಲ್ಯುಮಿಲೈಟ್ ಕ್ಲಿಯರ್ ಸ್ಲೋ ಎಂಬ ಯುರೇಥೇನ್‌ಗೆ ಕೆಲಸದ ಅವಧಿ ಸುಮಾರು 12 ನಿಮಿಷ. ಹೆಸರಿನಲ್ಲಿ ನಿಧಾನ ಎಂದಿದ್ದರೂ, ಗಂಟೆಗಳ ಲೆಕ್ಕದಲ್ಲಿ ಗಟ್ಟಿಯಾಗುವ ಎಪಾಕ್ಸಿಯ ಪಕ್ಕದಲ್ಲಿಟ್ಟು ನೋಡಿದರೆ ಅದು ಓಟದ ಕುದುರೆಯೇ ಸರಿ.

ಹನ್ನೆರಡು ನಿಮಿಷ ಎಂದರೆ ಎಷ್ಟು? ಎರಡು ಭಾಗಗಳನ್ನು ಪಾತ್ರೆಯ ಗೋಡೆ ಮತ್ತು ತಳ ಕೆರೆಯುತ್ತ ಚೆನ್ನಾಗಿ ಬೆರೆಸಲು ಎರಡು ನಿಮಿಷ ಬೇಕು. ಬಣ್ಣಗಳಿಗಾಗಿ ಬೇರೆ ಲೋಟಗಳಿಗೆ ಹಂಚಿ ಕಲಸಲು ಇನ್ನೆರಡು ನಿಮಿಷ, ಅಚ್ಚಿಗೆ ಹೊಯ್ಯಲು ಒಂದೆರಡು ನಿಮಿಷ, ಒತ್ತಡದ ಪಾತ್ರೆಯ ಮುಚ್ಚಳ ಬಿಗಿದು ಗಾಳಿ ತುಂಬಲು ಮತ್ತೊಂದೆರಡು ನಿಮಿಷ. ರೆಸಿನ್ ಇನ್ನೂ ನೀರಾಗಿರುವಾಗಲೇ ಪಾತ್ರೆಯಲ್ಲಿ ಒತ್ತಡ ಏರಿರಬೇಕಾದ್ದರಿಂದ ಉಳಿಯುವ ಬಿಡುವು ಹೆಚ್ಚೇನಿಲ್ಲ. ಅದರ ಮೇಲೆ ಉಷ್ಣತೆಯ ಲೆಕ್ಕ ಬೇರೆ. ಪ್ರತಿ 10 ಡಿಗ್ರಿ ಸೆಲ್ಸಿಯಸ್ ಏರಿಕೆಗೆ ರಾಸಾಯನಿಕ ಕ್ರಿಯೆಯ ವೇಗ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ ಎಂಬ ಒರಟು ನಿಯಮವನ್ನು ಇಲ್ಲಿ ಇಟ್ಟುಕೊಂಡರೆ, 25 ಡಿಗ್ರಿಯ ಕೋಣೆಯಲ್ಲಿ 12 ನಿಮಿಷ ಕೊಡುವ ರೆಸಿನ್ 35 ಡಿಗ್ರಿಯಲ್ಲಿ ಆರೇಳು ನಿಮಿಷಕ್ಕೆ ಕೈಬಿಡುತ್ತದೆ. ಒಂದೇ ಲೋಟದಲ್ಲಿ ಹೆಚ್ಚು ರೆಸಿನ್ ಬೆರೆಸಿಟ್ಟರೆ ಅದರೊಳಗೇ ಹುಟ್ಟುವ ಬಿಸಿ ಹೊರಹೋಗಲು ದಾರಿಯಿಲ್ಲದೆ ಅವಧಿ ಇನ್ನಷ್ಟು ಕಿರಿದಾಗುತ್ತದೆ. ಬೆಚ್ಚಗಿನ ಕೋಣೆಯಲ್ಲಿ ಕೆಲಸ ಮಾಡುವವರು ಕಡಿಮೆ ಅವಧಿಯ ಯುರೇಥೇನ್ ಬಗೆಗಳನ್ನು ಮೊದಲ ವರ್ಷ ಮುಟ್ಟದಿರುವುದೇ ಲೇಸು.

ಎರಡನೆಯ ಗಡಿಯಾರದ ಬಗ್ಗೆಯೂ ಒಂದು ಎಚ್ಚರಿಕೆ ಇರಲಿ. ಅಚ್ಚಿನಿಂದ ಬಿಡಿಸಬಹುದು ಎಂದಾಕ್ಷಣ ಲೇತ್‌ಗೆ ಏರಿಸಬಹುದು ಎಂದಲ್ಲ. ಯುರೇಥೇನ್ ಕೆಲವೇ ಗಂಟೆಗಳಲ್ಲಿ ಅಚ್ಚು ಬಿಡುತ್ತದಾದರೂ ಒಂದು ರಾತ್ರಿ ಕಳೆದ ಮೇಲೆ ಕಡೆದರೆ ಉಳಿಯ ಕೆಳಗೆ ಅದರ ಗುಣವೇ ಬೇರೆಯಾಗಿರುತ್ತದೆ. ಪಾಲಿಯೆಸ್ಟರ್‌ಗೆ ಒಂದು ದಿನ, ಎಪಾಕ್ಸಿಗೆ ಅದರ ಬಗೆಯನ್ನು ಅನುಸರಿಸಿ ಒಂದರಿಂದ ಮೂರು ದಿನ ಕೊಡಬೇಕು. ಹೀಗೆ ಲೆಕ್ಕ ಹಾಕಿದಾಗ ಯುರೇಥೇನ್‌ನಿಂದ ಉಳಿಯುವ ಸಮಯ ಮೊದಲು ಅಂದುಕೊಂಡಷ್ಟು ದೊಡ್ಡದಲ್ಲ. ಅಚ್ಚು ಮತ್ತು ಒತ್ತಡದ ಪಾತ್ರೆ ಬೇಗ ತೆರವಾಗಿ ಒಂದೇ ದಿನದಲ್ಲಿ ಎರಡು ಮೂರು ಸಲ ಎರಕ ಹೊಯ್ಯಲು ಆಗುವುದೇ ನಿಜವಾದ ಲಾಭ. ತಿಂಗಳಿಗೊಂದು ಪೆನ್ನು ಮಾಡುವವರಿಗೆ ಈ ಲಾಭ ತಟ್ಟುವುದೇ ಇಲ್ಲ.

ಯುರೇಥೇನ್: ಒತ್ತಡ ಬೇಕು, ನೀರು ಬೇಡ

ಯುರೇಥೇನ್ ರೆಸಿನ್‌ನ ಎರಡು ಭಾಗಗಳಲ್ಲಿ ಒಂದು ಐಸೊಸಯನೇಟ್, ಇನ್ನೊಂದು ಪಾಲಿಯಾಲ್. ಪಾಲಿಯಾಲ್‌ನ ಜೊತೆ ಕೂಡಬೇಕಾದ ಐಸೊಸಯನೇಟ್‌ಗೆ ನೀರು ಸಿಕ್ಕಿದರೆ ಅದು ನೀರಿನೊಂದಿಗೂ ಕೂಡಿ ಇಂಗಾಲದ ಡೈಆಕ್ಸೈಡ್ ಹುಟ್ಟಿಸುತ್ತದೆ. ಹಾಸಿಗೆಯ ಫೋಮ್ ಉಬ್ಬುವುದರ ಹಿಂದೆಯೂ ಇದೇ ಕ್ರಿಯೆ ಇದೆ. ಒಂದು ಗ್ರಾಂ ನೀರು ಪೂರ್ತಿಯಾಗಿ ವರ್ತಿಸಿದರೆ ಕೋಣೆಯ ಉಷ್ಣತೆಯಲ್ಲಿ ಸುಮಾರು 1.3 ಲೀಟರ್ ಅನಿಲ ಹುಟ್ಟುತ್ತದೆ. ಬ್ಲ್ಯಾಂಕಿನ ಗಾತ್ರವೇ 46 ಮಿಲಿಲೀಟರ್ ಎಂಬುದನ್ನು ನೆನೆದರೆ, ಗ್ರಾಮಿನ ಹತ್ತನೇ ಒಂದು ಭಾಗದಷ್ಟು ತೇವವೂ ಎರಕವನ್ನು ನೊರೆಯಾಗಿಸಲು ಸಾಕು. ಮುಟ್ಟಿ ನೋಡಿದರೆ ಒಣಗಿದಂತಿರುವ, ಹತ್ತರಷ್ಟು ಶೇಕಡಾ ತೇವಾಂಶದ 15 ಗ್ರಾಂ ಮರದ ಚೂರಿನೊಳಗೆ ಒಂದು ಗ್ರಾಮಿಗೂ ಹೆಚ್ಚು ನೀರು ಅಡಗಿರುತ್ತದೆ. ಅದೆಲ್ಲವೂ ಹನ್ನೆರಡು ನಿಮಿಷದಲ್ಲಿ ಹೊರಬಂದು ವರ್ತಿಸುವುದಿಲ್ಲವಾದರೂ ಮರದ ಅಂಚಿನುದ್ದಕ್ಕೂ ಗುಳ್ಳೆಗಳ ಬಿಳಿ ಗೆರೆ ಮೂಡಲು ಅದರ ಒಂದಂಶ ಸಾಲುತ್ತದೆ.

ಆದ್ದರಿಂದ ಮರ, ಪೈನ್ ಕಾಯಿ, ಬೀಜ, ಒಣಗಿದ ಹೂವು ಮುಂತಾದ ಯಾವುದೇ ಸಸ್ಯವಸ್ತುವನ್ನು ಯುರೇಥೇನ್‌ಗೆ ಇಳಿಸುವ ಮೊದಲು ಒಲೆಯಲ್ಲಿ ಒಣಗಿಸಲೇಬೇಕು. ನೀರಿನ ಕುದಿಬಿಂದುವಿಗಿಂತ ತುಸು ಮೇಲೆ, 105 ಡಿಗ್ರಿಯ ಆಸುಪಾಸಿನಲ್ಲಿಟ್ಟು ಕೆಲವು ಗಂಟೆಗಳಿಗೊಮ್ಮೆ ತೂಗಿ ನೋಡುತ್ತ, ಎರಡು ತೂಕಗಳ ನಡುವೆ ವ್ಯತ್ಯಾಸ ಕಾಣದಾದಾಗ ಒಣಗಿತು ಎಂದು ತಿಳಿಯಬೇಕು. ಆ ಬಿಸಿಗೆ ಬಣ್ಣಗೆಡುವ ಹೂವಿನಂಥ ವಸ್ತುವಾದರೆ ಬಿಸಿಯನ್ನು ಇಳಿಸಿ ಅವಧಿಯನ್ನು ಹಿಗ್ಗಿಸಬೇಕು. ಒಣಗಿದ ಚೂರನ್ನು ಮೇಜಿನ ಮೇಲೆ ಬಿಟ್ಟರೆ ಗಾಳಿಯ ತೇವವನ್ನು ಮತ್ತೆ ಹೀರಿಕೊಳ್ಳುವುದರಿಂದ ಮುಚ್ಚಿದ ಚೀಲದಲ್ಲಿ ತಣಿಸಬೇಕು. ನನ್ನ ಮೊದಲ ಪೈನ್ ಕಾಯಿಯ ಎರಕದಲ್ಲಿ ಹೊರಗಿನ ಎಸಳುಗಳು ಗರಿಗರಿಯಾಗಿದ್ದುದನ್ನು ನೋಡಿ ಒಳಗಿನ ತಿರುಳೂ ಒಣಗಿದೆ ಎಂದುಕೊಂಡಿದ್ದೆ. ಅಚ್ಚಿನಿಂದ ಬಂದ ತುಂಡು ಹೊರಗೆ ಗಾಜಿನಂತಿತ್ತು. ಡ್ರಿಲ್ ನಡುವಿಗೆ ಇಳಿದಾಗ ಒಳಗೆಲ್ಲ ಸ್ಪಂಜು. ತೂಕದ ಹೊರತು ಬೇರೆ ಯಾವ ಸಾಕ್ಷಿಯನ್ನೂ ಆಮೇಲೆ ನಂಬಿಲ್ಲ.

ನೀರು ಬೇರೆ ದಾರಿಗಳಿಂದಲೂ ನುಸುಳುತ್ತದೆ. ಕಲಸುವ ಮರದ ಕಡ್ಡಿ, ಕಾಗದದ ಲೋಟ, ನೀರು ಅಥವಾ ಆಲ್ಕೋಹಾಲ್ ಆಧಾರಿತ ಬಣ್ಣ, ಇವೆಲ್ಲ ಯುರೇಥೇನ್‌ಗೆ ಆಗದವು. ಪ್ಲಾಸ್ಟಿಕ್ ಲೋಟ, ಪ್ಲಾಸ್ಟಿಕ್ ಅಥವಾ ಲೋಹದ ಕಡ್ಡಿ, ಒಣ ಮೈಕಾ ಪುಡಿ (ಹೊಳೆಯುವ ಖನಿಜದ ಬಣ್ಣದ ಪುಡಿ) ಅಥವಾ ಯುರೇಥೇನ್‌ಗೆಂದೇ ಮಾಡಿದ ಬಣ್ಣ ಬಳಸಬೇಕು. ಬಾಟಲಿ ತೆರೆದಾಗಲೆಲ್ಲ ಒಳಹೋಗುವ ಗಾಳಿಯ ತೇವವೂ ಐಸೊಸಯನೇಟನ್ನು ಕೆಡಿಸುವುದರಿಂದ, ಬಳಸಿದ ಮೇಲೆ ಬಾಟಲಿಯೊಳಕ್ಕೆ ಒಣ ಸಾರಜನಕ ಅಥವಾ ಆರ್ಗಾನ್ ಊದಿ ಮುಚ್ಚುವ ರೂಢಿಯಿದೆ.

ಇನ್ನು ಒತ್ತಡ. ಹೀಗೆ ಬೇಗ ಹೆಪ್ಪುಗಟ್ಟುವ ರೆಸಿನ್‌ನಲ್ಲಿ ಕಲಸುವಾಗ ಸೇರಿದ ಗುಳ್ಳೆಗಳಿಗೆ ಮೇಲೇರಿ ಒಡೆಯಲು ಸಮಯ ಸಿಗುವುದಿಲ್ಲ. ನಿರ್ವಾತದಲ್ಲಿಟ್ಟು ಗಾಳಿ ಎಳೆಯೋಣವೆಂದರೆ ಕೆಲಸದ ಅವಧಿಯೆಲ್ಲ ಅದಕ್ಕೇ ಕಳೆದುಹೋಗುತ್ತದೆ. ಉಳಿದ ದಾರಿ ಗುಳ್ಳೆಗಳನ್ನು ಹೊರಹಾಕುವುದಲ್ಲ, ಕಾಣದಷ್ಟು ಕುಗ್ಗಿಸುವುದು. ಪ್ರೆಶರ್ ಪಾಟ್‌ನಲ್ಲಿ 40ರಿಂದ 60 ಪಿಎಸ್ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಒತ್ತಡದ ಅಳತೆ) ಒತ್ತಡ ತುಂಬುವುದು ವಾಡಿಕೆ. ಮಾಪಕ 60 ತೋರಿಸುವಾಗ ಒಳಗಿರುವ ನಿಜವಾದ ಒತ್ತಡ ಹೊರಗಿನ ವಾಯುಮಂಡಲದ ಸುಮಾರು ಐದು ಪಟ್ಟು. ಬಾಯ್ಲ್ ನಿಯಮದಂತೆ ಗುಳ್ಳೆಯ ಗಾತ್ರ ಐದನೇ ಒಂದಕ್ಕೆ ಇಳಿದರೂ ವ್ಯಾಸ ಇಳಿಯುವುದು ಸುಮಾರು 58 ಶೇಕಡಕ್ಕೆ ಮಾತ್ರ. ಅಂದರೆ ಅರ್ಧ ಮಿಲಿಮೀಟರಿನ ಗುಳ್ಳೆ ಕೇವಲ ಹಿಂಡುವಿಕೆಯಿಂದ ಕಣ್ಮರೆಯಾಗದು. ಒತ್ತಡ ಹೆಚ್ಚಿದಂತೆ ಅನಿಲವು ದ್ರವದಲ್ಲಿ ಹೆಚ್ಚು ಕರಗುವುದರಿಂದ ಉಳಿದ ಕೆಲಸವನ್ನು ಕರಗುವಿಕೆ ಮುಗಿಸುತ್ತದೆ. ರೆಸಿನ್ ಪೂರ್ತಿ ಗಟ್ಟಿಯಾಗುವ ಮೊದಲೇ ಒತ್ತಡ ಬಿಟ್ಟರೆ ಹಿಂಡಿದ್ದೂ ಕರಗಿದ್ದೂ ಮರಳಿ ಗುಳ್ಳೆಯಾಗಿ ಏಳುತ್ತವೆ. ಸಮಯಕ್ಕೆ ಮೊದಲೇ ಮುಚ್ಚಳ ತೆಗೆದು ನೋಡುವ ಚಪಲವೇ ಈ ಕಸುಬಿನಲ್ಲಿ ಅತಿ ಹೆಚ್ಚು ಬ್ಲ್ಯಾಂಕುಗಳನ್ನು ಹಾಳುಮಾಡುವಂಥದ್ದು ಎಂದು ನನಗೆ ಅನ್ನಿಸುತ್ತದೆ.

ಒತ್ತಡದ ಪಾತ್ರೆ ಆಟದ ವಸ್ತುವಲ್ಲ. ತಯಾರಕರು ನಮೂದಿಸಿದ ಗರಿಷ್ಠ ಒತ್ತಡವನ್ನು ಮೀರಬಾರದು, ಸುರಕ್ಷತಾ ಕವಾಟವನ್ನು ಮುಚ್ಚಬಾರದು, ಒಳಗೆ ಒತ್ತಡವಿರುವಾಗ ಮುಚ್ಚಳದ ತಿರುಪುಗಳನ್ನು ಸಡಿಲಿಸಬಾರದು. ಪಿವಿಸಿ ಕೊಳವೆಗಳಿಂದ ಮನೆಯಲ್ಲೇ ಪಾತ್ರೆ ಮಾಡಿಕೊಳ್ಳುವ ಸಲಹೆ ಎಲ್ಲಿ ಕಂಡರೂ ಅದನ್ನು ಬದಿಗಿಡಿ. ಹಿಂಡಿದ ಗಾಳಿಯಿರುವ ಪಿವಿಸಿ ಸಿಡಿದರೆ ಚೂಪಾದ ಚೂರುಗಳು ಗುಂಡಿನಂತೆ ಹಾರುತ್ತವೆ. ಅಚ್ಚಿನ ಬಗ್ಗೆಯೂ ಒಂದು ಸೂಕ್ಷ್ಮವಿದೆ. ಸಿಲಿಕೋನ್ ಅಚ್ಚನ್ನು ನೀವೇ ಮಾಡಿಕೊಳ್ಳುವುದಾದರೆ ಅದನ್ನೂ ಒತ್ತಡದಲ್ಲೇ ಎರಕ ಹೊಯ್ಯಬೇಕು. ಇಲ್ಲವಾದರೆ ಸಿಲಿಕೋನ್‌ನ ಒಳಗೆ ಉಳಿದ ಗುಳ್ಳೆಗಳು ಮುಂದೆ ಒತ್ತಡಕ್ಕೆ ಸಿಕ್ಕಾಗ ಕುಗ್ಗಿ ಅಚ್ಚಿನ ಗೋಡೆ ಗುಳಿಬೀಳುತ್ತದೆ, ಬ್ಲ್ಯಾಂಕಿನ ಮೈ ಉಬ್ಬುಬ್ಬಾಗಿ ಬರುತ್ತದೆ.

ಇಷ್ಟೆಲ್ಲ ಕಟ್ಟುಪಾಡುಗಳಿದ್ದರೂ ಯುರೇಥೇನ್‌ಗೆ ಜನ ಒಲಿದಿರುವುದು ಲೇತ್‌ನ ಮೇಲೆ ಅದು ತೋರುವ ಗುಣಕ್ಕಾಗಿ. ಅದು ಗಡಸಾಗಿದ್ದೂ ಪೆಡಸಲ್ಲ. ಹರಿತವಾದ ಉಳಿಯ ಕೆಳಗೆ ಉದ್ದುದ್ದ ಸುರುಳಿಗಳಾಗಿ ಬಿಚ್ಚಿಕೊಳ್ಳುತ್ತದೆ, ಮರಕ್ಕೆ ಚೆನ್ನಾಗಿ ಅಂಟುತ್ತದೆ, ತೆಳುವಾದಾಗಲೂ ಚಕ್ಕೆ ಏಳುವುದು ಅಪರೂಪ. ಅರ್ಧ ಮರ, ಅರ್ಧ ರೆಸಿನ್ ಇರುವ ಬ್ಲ್ಯಾಂಕುಗಳಲ್ಲಿ ಉಳಿಯು ಪ್ರತಿ ಸುತ್ತಿನಲ್ಲೂ ಮೆತ್ತನೆಯ ವಸ್ತುವಿನಿಂದ ಗಡಸು ವಸ್ತುವಿಗೆ ಹಾರುತ್ತಿರುವುದರಿಂದ ಈ ಅಂಟುವ ಶಕ್ತಿ ಬಹಳ ಬೆಲೆಯುಳ್ಳದ್ದು. ನನ್ನ ಮಟ್ಟಿಗೆ ಮಿಶ್ರ ಬ್ಲ್ಯಾಂಕಿಗೆ ಯುರೇಥೇನ್ ಬಿಟ್ಟು ಬೇರೆ ಆಯ್ಕೆಯ ಚರ್ಚೆಯೇ ಇಲ್ಲ.

ಬಣ್ಣದ ಸುಳಿಗಳಿಗೂ ಇದು ಹೇಳಿಮಾಡಿಸಿದಂಥದ್ದು. ಎರಡು ಮೂರು ಬಣ್ಣಗಳನ್ನು ರೆಸಿನ್ ನೀರಾಗಿರುವಾಗಲೇ ಹೊಯ್ದರೆ ಅವು ಒಂದರೊಳಗೊಂದು ಕರಗಿ ಕೆಸರಿನ ಬಣ್ಣಕ್ಕೆ ತಿರುಗುತ್ತವೆ. ಲೋಟ ಬೆಚ್ಚಗಾಗುತ್ತ ರೆಸಿನ್ ಜೇನಿನಷ್ಟು ಮಂದವಾದಾಗ ಹೊಯ್ದರೆ ಬಣ್ಣಗಳು ಅಂಚುಗೆಡದೆ ಎಳೆಎಳೆಯಾಗಿ ನಿಲ್ಲುತ್ತವೆ. ಈ ಹದ ಬರುವುದು ಅವಧಿಯ ಕೊನೆಯ ಭಾಗದಲ್ಲಿ, ಆಮೇಲೆ ಮುಚ್ಚಳ ಬಿಗಿಯಲೂ ಕಾಲ ಬೇಕು. ಅನುಭವಿಗಳು ಲೋಟದ ಬಿಸಿಯನ್ನು ದೂರದಿಂದ ಅಳೆಯುವ ಥರ್ಮಾಮೀಟರ್‌ನಲ್ಲಿ ನೋಡುತ್ತ, ತಮ್ಮ ರೆಸಿನ್‌ಗೆ ಯಾವ ಅಂಕಿಯಲ್ಲಿ ಹೊಯ್ದರೆ ಯಾವ ಬಗೆಯ ಸುಳಿ ಬಂತೆಂದು ಬರೆದಿಟ್ಟುಕೊಳ್ಳುತ್ತಾರೆ. ಎಪಾಕ್ಸಿಯಲ್ಲೂ ಇದು ಸಾಧ್ಯ, ಆದರೆ ಆ ಹದಕ್ಕಾಗಿ ಗಂಟೆಗಟ್ಟಲೆ ಕಾದು ಕೂರಬೇಕು. ಅಷ್ಟರಲ್ಲಿ ಮೈಕಾ ತಳಕ್ಕೆ ಇಳಿದಿರುತ್ತದೆ.

ಪಾಲಿಯೆಸ್ಟರ್: ಹೊಳಪು ಹೆಚ್ಚು, ಸಹನೆ ಕಡಿಮೆ

ಪಾಲಿಯೆಸ್ಟರ್ ರೆಸಿನ್‌ನ ದಾರಿಯೇ ಬೇರೆ. ಇಲ್ಲಿ ಎರಡು ಭಾಗಗಳು ಸಮಪಾಲಿನಲ್ಲಿ ಕೂಡುವುದಿಲ್ಲ. ಸ್ಟೈರೀನ್ ಎಂಬ ಘಾಟು ದ್ರವದಲ್ಲಿ ಕರಗಿಸಿದ ರೆಸಿನ್‌ಗೆ ಎಂಇಕೆಪಿ ಎಂಬ ಪೆರಾಕ್ಸೈಡನ್ನು ಶೇಕಡಾ ಒಂದೆರಡರಷ್ಟು ಸೇರಿಸಿದರೆ ಅದು ಕ್ರಿಯೆಯನ್ನು ಹೊತ್ತಿಸುತ್ತದೆ. ಹನಿ ಹೆಚ್ಚಿಸಿದರೆ ವೇಗ ಹೆಚ್ಚುತ್ತದೆ, ಕಡಿಮೆ ಮಾಡಿದರೆ ಇಳಿಯುತ್ತದೆ. ಕೋಣೆಯ ಬಿಸಿಗೆ ತಕ್ಕಂತೆ ವೇಗವನ್ನು ತಿದ್ದಿಕೊಳ್ಳುವ ಈ ಸ್ವಾತಂತ್ರ್ಯ ಮಿಕ್ಕ ಎರಡು ರೆಸಿನ್‌ಗಳಲ್ಲಿ ಇಲ್ಲ. ಯುರೇಥೇನ್‌ನಲ್ಲಾಗಲಿ ಎಪಾಕ್ಸಿಯಲ್ಲಾಗಲಿ ಒಂದು ಭಾಗವನ್ನು ಹೆಚ್ಚು ಹಾಕಿದರೆ ಬೇಗ ಗಟ್ಟಿಯಾಗುವ ಬದಲು ಹೆಚ್ಚಾದ ಪಾಲು ಜೊತೆಗಾರನಿಲ್ಲದೆ ಉಳಿದು ತುಂಡು ಮೆತ್ತಗಾಗುತ್ತದೆ, ಇಲ್ಲವೇ ಜಿಗುಟಾಗುತ್ತದೆ. ಒಂದು ರೆಸಿನ್‌ನಲ್ಲಿ ಕಲಿತ ಚಾಳಿಯನ್ನು ಇನ್ನೊಂದಕ್ಕೆ ಕೊಂಡೊಯ್ದು ಕೈಸುಟ್ಟುಕೊಳ್ಳುವುದು ಇಲ್ಲಿಯೇ.

ಪಾಲಿಯೆಸ್ಟರ್‌ನ ದೊಡ್ಡ ಗುಣ ಅದರ ಹೊಳಪು. ಚೆನ್ನಾಗಿ ತಿಕ್ಕಿದ ಪಾಲಿಯೆಸ್ಟರ್‌ಗೆ ಗಾಜಿನ ಆಳ ಬರುತ್ತದೆ, ಗೀರು ಬೇಗ ಬೀಳುವುದಿಲ್ಲ. ತೇವಕ್ಕೆ ಯುರೇಥೇನ್‌ನಂತೆ ನೊರೆಯೇಳುವುದಿಲ್ಲ, ಕೆಲಸದ ಅವಧಿ ಹೆಚ್ಚಾದ್ದರಿಂದ ಹೊಯ್ದ ಮೇಲೆ ಗುಳ್ಳೆಗಳು ತಾವಾಗಿಯೇ ಏರಿ ಹೋಗಲು ಸಮಯ ಸಿಗುತ್ತದೆ. ಒತ್ತಡದ ಪಾತ್ರೆ ಇಲ್ಲದವರೂ ಅಚ್ಚುಕಟ್ಟಾದ ಪಾರದರ್ಶಕ ಎರಕ ಪಡೆಯಬಹುದು. ಕೈಗಡಿಯಾರದ ಬಿಡಿಭಾಗಗಳು, ಮುದ್ರಿತ ಕಾಗದ, ಹಾವಿನ ಪೊರೆ ಮುಂತಾದವನ್ನು ಹಿತ್ತಾಳೆ ಕೊಳವೆಯ ಮೇಲೆಯೇ ಅಂಟಿಸಿ ಸುತ್ತಲೂ ರೆಸಿನ್ ಹೊಯ್ಯುವ ಬಗೆಯಲ್ಲಿ ಪಾಲಿಯೆಸ್ಟರ್ ಬಹಳ ಹಿಂದಿನಿಂದ ನಡೆದುಬಂದಿದೆ. ಕಾಗದವಾದರೆ ಅದಕ್ಕೆ ಮೊದಲು ತೆಳುವಾದ ಲೇಪ ಕೊಡದಿದ್ದರೆ ರೆಸಿನ್ ಹೀರಿಕೊಂಡು ಎಣ್ಣೆ ಬಿದ್ದಂತೆ ಕಾಣುತ್ತದೆ. ಈ ಮಾತು ಎಲ್ಲ ರೆಸಿನ್‌ಗೂ ಸಲ್ಲುತ್ತದೆ.

ಕೊರತೆ ಎರಡು. ಗಟ್ಟಿಯಾಗುವಾಗ ಇದು ಗಾತ್ರದಲ್ಲಿ ಶೇಕಡಾ 6ರಿಂದ 8ರಷ್ಟು ಕುಗ್ಗುತ್ತದೆ, 127 ಮಿ.ಮೀ. ಉದ್ದದ ಬ್ಲ್ಯಾಂಕಿನಲ್ಲಿ ಅದು ಮೂರು ಮಿಲಿಮೀಟರಿನಷ್ಟಾಗುತ್ತದೆ. ಬರಿಯ ರೆಸಿನ್ ತುಂಡಿಗೆ ಇದರಿಂದ ತೊಂದರೆಯಿಲ್ಲವಾದರೂ, ಕುಗ್ಗದ ಮರ ಅಥವಾ ಲೋಹ ಒಳಗಿದ್ದಾಗ ಅದರ ಸುತ್ತ ಬಿಗಿತ ಹುಟ್ಟಿ ಬಿರುಕು ಬಿಡಬಹುದು, ಇಲ್ಲವೇ ಮರದಿಂದ ರೆಸಿನ್ ಬಿಟ್ಟುಕೊಂಡು ಬೆಳ್ಳಿಯಂಥ ಗೆರೆ ಕಾಣಬಹುದು. ಎರಡನೆಯದು ಪೆಡಸುತನ. ಉಳಿ ಸ್ವಲ್ಪ ಮೊಂಡಾಗಿದ್ದರೂ, ಕೈ ಸ್ವಲ್ಪ ಅವಸರಪಟ್ಟರೂ ಚಕ್ಕೆ ಹಾರುತ್ತದೆ. ಬಹುತೇಕ ಕೆಲಸ ಮುಗಿದು ಕೊನೆಯ ತೆಳು ಹೊಡೆತ ಕೊಡುವಾಗ ಹಾರುವುದೇ ಹೆಚ್ಚು. ಕಡೆಯುವುದನ್ನು ಈಗಷ್ಟೇ ಕಲಿಯುತ್ತಿರುವವರಿಗೆ ನಾನು ಇದನ್ನು ಹೇಳಲಾರೆ.

ವಾಸನೆಯ ಮಾತೂ ಇದೆ. ಸ್ಟೈರೀನ್‌ನ ಘಾಟು ಮನೆಯ ಮೂಲೆಯಲ್ಲಿ ಮಾಡಿದ ಎರಕವನ್ನು ಮನೆಯೆಲ್ಲ ಸಾರುತ್ತದೆ. ಎಂಇಕೆಪಿ ಕಣ್ಣಿಗೆ ತಾಗಿದರೆ ದೃಷ್ಟಿಗೇ ಅಪಾಯ. ಕನ್ನಡಕವಿಲ್ಲದೆ ಅದರ ಬಾಟಲಿಯನ್ನು ತೆರೆಯಬಾರದು. ಕೆಲವು ರೆಸಿನ್‌ಗಳಿಗೆ ಕ್ರಿಯೆಗೆ ವೇಗ ಕೊಡುವ ಕೋಬಾಲ್ಟ್ ಪ್ರೇರಕವನ್ನು ಪ್ರತ್ಯೇಕವಾಗಿ ಸೇರಿಸಬೇಕಾಗುತ್ತದೆ. ಅದನ್ನೂ ಎಂಇಕೆಪಿಯನ್ನೂ ನೇರವಾಗಿ ಒಂದಕ್ಕೊಂದು ಎಂದೂ ಬೆರೆಸಬಾರದು, ಸ್ಫೋಟವಾಗುತ್ತದೆ. ಒಂದನ್ನು ರೆಸಿನ್‌ನಲ್ಲಿ ಪೂರ್ತಿ ಕಲಸಿದ ಬಳಿಕವೇ ಇನ್ನೊಂದು. ಮೊದಲೇ ಪ್ರೇರಕ ಸೇರಿಸಿ ಮಾರುವ ರೆಸಿನ್ ಸಿಕ್ಕರೆ ಅದನ್ನೇ ಕೊಳ್ಳುವುದು ಜಾಣತನ.

ಎಪಾಕ್ಸಿ: ಅವಸರವಿಲ್ಲದವರಿಗೆ

ಎಪಾಕ್ಸಿಯ ವಾಸನೆ ಕಡಿಮೆ, ಕುಗ್ಗುವಿಕೆ ಕಡಿಮೆ, ಅಂಟುವ ಶಕ್ತಿ ಹೆಚ್ಚು, ಸಿಗುವುದು ಸುಲಭ. ದಪ್ಪ ಎರಕಕ್ಕೆಂದು ಮಾಡಿದ ನಿಧಾನದ ಬಗೆಯಾದರೆ ಗುಳ್ಳೆಗಳು ಬಹುಮಟ್ಟಿಗೆ ತಾವೇ ಏರಿ ಹೋಗುತ್ತವೆ. ಆದರೆ ಮೇಜಿನ ಮೇಲ್ಮೈಗೆ ಹೊಯ್ಯುವ ಮಂದ ಎಪಾಕ್ಸಿಯನ್ನು ಬ್ಲ್ಯಾಂಕಿನ ಕಿರಿದಾದ ಅಚ್ಚಿಗೆ ಸುರಿದರೆ ಗುಳ್ಳೆ ಸಿಕ್ಕಿಕೊಳ್ಳುತ್ತದೆ. ಎರಡಕ್ಕೂ ಎಪಾಕ್ಸಿ ಎಂಬ ಒಂದೇ ಹೆಸರಿದ್ದರೂ ಅವನ್ನು ಒಂದೇ ಎಂದು ತಿಳಿಯಬಾರದು. ಐದು ನಿಮಿಷದಲ್ಲಿ ಗಟ್ಟಿಯಾಗುವ ಅಂಟಿನ ಎಪಾಕ್ಸಿಯನ್ನು ಎರಕಕ್ಕೆ ಬಳಸುವ ಯೋಚನೆ ಬಂದರೆ ಅದನ್ನು ಅಲ್ಲಿಗೇ ಬಿಡಿ. ಅದು ಗುಳ್ಳೆ ತುಂಬಿದ, ಮೆತ್ತನೆಯ, ಬೇಗ ಹಳದಿಯಾಗುವ ತುಂಡನ್ನು ಕೊಡುತ್ತದೆ.

ಎಪಾಕ್ಸಿಯ ದೌರ್ಬಲ್ಯ ಬಿಸಿ. ಕೋಣೆಯ ಉಷ್ಣತೆಯಲ್ಲಿ ಗಟ್ಟಿಯಾದ ಸಾಮಾನ್ಯ ಎಪಾಕ್ಸಿ 50 ಡಿಗ್ರಿಯ ಸುತ್ತಮುತ್ತ ಮೆತ್ತಗಾಗತೊಡಗುತ್ತದೆ, ಡ್ರಿಲ್‌ನ ಘರ್ಷಣೆ ಆ ಬಿಸಿಯನ್ನು ಕ್ಷಣಗಳಲ್ಲಿ ಮುಟ್ಟುತ್ತದೆ. ಆಗ ಪುಡಿ ಹೊರಬರುವ ಬದಲು ಡ್ರಿಲ್‌ನ ತೋಡುಗಳಿಗೆ ಮೆತ್ತಿಕೊಳ್ಳುತ್ತದೆ. ತಣಿದ ಮೇಲೆ ತೂತು ಅಳತೆಗಿಂತ ಕಿರಿದಾಗಿ ಕೊಳವೆ ಇಳಿಯುವುದಿಲ್ಲ. ನಿಧಾನದ ವೇಗ, ಸ್ವಲ್ಪ ಸ್ವಲ್ಪವೇ ಕೊರೆದು ಡ್ರಿಲ್ ಹೊರಗೆಳೆದು ಪುಡಿ ಬಿಡಿಸುವುದು, ನಡುನಡುವೆ ತಣಿಯಲು ಬಿಡುವುದು ಎಲ್ಲ ರೆಸಿನ್‌ಗೂ ಬೇಕಾದ ಶಿಸ್ತೇ ಆದರೂ ಎಪಾಕ್ಸಿಯಲ್ಲಿ ಅದನ್ನು ಮೀರಲು ಬರುವುದಿಲ್ಲ. ಗಟ್ಟಿಯಾದ ತುಂಡನ್ನು 60 ಡಿಗ್ರಿಯ ಸುತ್ತ ಕೆಲವು ಗಂಟೆ ಬೆಚ್ಚಗಿಟ್ಟರೆ ಬಿಸಿ ತಾಳುವ ಶಕ್ತಿ ಹೆಚ್ಚುತ್ತದೆ. ಯುರೇಥೇನ್‌ಗೂ ಈ ಉಪಚಾರ ಒಪ್ಪುತ್ತದೆ.

ಬೆಳಕಿಗೆ ಒಡ್ಡಿದಂತೆ ಎಪಾಕ್ಸಿ ಹಳದಿಗೆ ತಿರುಗುವುದು ತಿಳಿದ ವಿಷಯ. ನೇರಳಾತೀತ ತಡೆಯುವ ಅಂಶ ಸೇರಿಸಿದ ಬಗೆಗಳಲ್ಲಿ ಅದು ತಡವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಗಾಢ ಬಣ್ಣದ ಬ್ಲ್ಯಾಂಕಿನಲ್ಲಿ ಇದು ಲೆಕ್ಕಕ್ಕಿಲ್ಲ, ಬಿಳಿ ಹೂವಿನ ಸುತ್ತಲಿನ ಬಣ್ಣವಿಲ್ಲದ ಎರಕದಲ್ಲಿ ಎದ್ದು ಕಾಣುತ್ತದೆ.

ನೇರಳಾತೀತ ಬೆಳಕಿನ ರೆಸಿನ್ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ, ಆದರೆ ಬೆಳಕು ಹೊಕ್ಕಷ್ಟು ಆಳಕ್ಕೆ ಮಾತ್ರ. ಕೆಲವು ಮಿಲಿಮೀಟರಿನ ಪದರಗಳಲ್ಲಿ ಕೊಳವೆಯ ಮೇಲೆ ಲೇಪಿಸಲು, ಸಣ್ಣ ಗುಳ್ಳೆಯ ಗುಳಿ ತುಂಬಲು ಅದು ಸರಿ. ಬಣ್ಣದ ಪುಡಿ ಸೇರಿಸಿದ ದಪ್ಪ ಬ್ಲ್ಯಾಂಕಿನ ಒಳಗು ಹಸಿಯಾಗಿಯೇ ಉಳಿಯುತ್ತದೆ.

ಅಳತೆ ಮತ್ತು ಕಡೆತ

ಒಂದು ಬ್ಲ್ಯಾಂಕಿಗೆ ಸುಮಾರು 50 ಗ್ರಾಂ ರೆಸಿನ್ ಎಂದಿಟ್ಟುಕೊಂಡರೆ, ಸಮತೂಕದಲ್ಲಿ ಬೆರೆಸುವ ಯುರೇಥೇನ್‌ನಲ್ಲಿ ಪ್ರತಿ ಭಾಗ 25 ಗ್ರಾಂ. ಅಲ್ಲಿ ಒಂದು ಗ್ರಾಮಿನ ತಪ್ಪು ನಾಲ್ಕು ಶೇಕಡಾ ತಪ್ಪಾಗುತ್ತದೆ. ಗ್ರಾಮಿನ ಹತ್ತನೇ ಭಾಗ ತೋರಿಸುವ ತಕ್ಕಡಿ ಇಲ್ಲದೆ ಈ ಕೆಲಸಕ್ಕೆ ಇಳಿಯಬಾರದು. ಪಾಲಿಯೆಸ್ಟರ್‌ನಲ್ಲಿ ಶೇಕಡಾ ಒಂದು ಎಂದರೆ ಅರ್ಧ ಗ್ರಾಂ ಮಾತ್ರ, ಒಂದೆರಡು ಹನಿ ತಪ್ಪಿದರೂ ನಡತೆ ಬದಲಾಗುತ್ತದೆ. ಅದನ್ನು ನಾಲ್ಕೈದು ಬ್ಲ್ಯಾಂಕುಗಳಿಗೆ ಒಟ್ಟಿಗೆ ಬೆರೆಸುವುದು ಸುಲಭ. ಎಪಾಕ್ಸಿಯಲ್ಲಿ ಗೊಂದಲವಾಗುವುದು ತೂಕ ಮತ್ತು ಗಾತ್ರಗಳ ನಡುವೆ. ಗಟ್ಟಿಕಾರಕವು ರೆಸಿನ್‌ಗಿಂತ ಹಗುರವಾದ್ದರಿಂದ ಗಾತ್ರದಲ್ಲಿ ಸಮಪಾಲು ಎಂದು ಬರೆದದ್ದನ್ನು ತೂಕದಲ್ಲಿ ಸಮಪಾಲು ಹಾಕಿದರೆ ಪ್ರಮಾಣ ತಪ್ಪುತ್ತದೆ. ಬಾಟಲಿಯ ಮೇಲಿನ ಆ ಒಂದು ಪದವನ್ನು ಎರಡು ಸಲ ಓದಬೇಕು.

ಪಾರದರ್ಶಕ ಬ್ಲ್ಯಾಂಕಿನಲ್ಲಿ ಮರೆಮಾಚಲು ಆಗುವುದು ಏನೂ ಇಲ್ಲ. ಕೊಳವೆಯ ಹಿತ್ತಾಳೆ, ಅಂಟಿನ ತೇಪೆ, ಡ್ರಿಲ್ ಬಿಟ್ಟ ಗೀರು ಎಲ್ಲವೂ ಹೊರಗೆ ಕಾಣುತ್ತವೆ. ಅದಕ್ಕಾಗಿ ತೂತಿನ ಒಳಗೋಡೆಗೂ ಕೊಳವೆಗೂ ಒಂದೇ ಬಣ್ಣ ಬಳಿದು, ಪೂರ್ತಿ ಒಣಗಿದ ಮೇಲೆ ಅಂಟಿಸುತ್ತಾರೆ. ಯಾವ ರೆಸಿನ್ ಆದರೂ ಕೊನೆಯ ಹೊಳಪಿಗೆ ಮೈಕ್ರೋಮೆಶ್ ಎಂಬ ನಯವಾದ ಉಜ್ಜು ತಟ್ಟೆಗಳು 1500ರಿಂದ 12000ದವರೆಗೆ ಒಂಬತ್ತು ಹಂತಗಳಲ್ಲಿ ಸಿಗುತ್ತವೆ. ನೀರು ಹಾಕಿ ತಿಕ್ಕಿದರೆ ಬಿಸಿಯೂ ಏರುವುದಿಲ್ಲ, ದೂಳೂ ಹಾರುವುದಿಲ್ಲ. ಒಂದು ಹಂತ ಹಾರಿಸಿದರೆ ಅದರ ಗೀರು ಕೊನೆಯ ಹಂತದಲ್ಲಿ ಬೆಳಕಿಗೆ ಹಿಡಿದಾಗ ಸಿಕ್ಕಿಬೀಳುತ್ತದೆ.

ಆರೋಗ್ಯದ ದೃಷ್ಟಿಯಿಂದ ಯಾವುದು ಸುರಕ್ಷಿತ ಎಂದು ಕೇಳಿದರೆ ಯಾವುದೂ ಅಲ್ಲ ಎನ್ನಬೇಕಾಗುತ್ತದೆ. ಐಸೊಸಯನೇಟ್‌ನ ಆವಿಗೆ ದೇಹ ಒಮ್ಮೆ ಅಲರ್ಜಿ ಬೆಳೆಸಿಕೊಂಡರೆ ಮುಂದೆ ಅತ್ಯಲ್ಪ ಪ್ರಮಾಣವೂ ಉಬ್ಬಸ ತರಬಹುದು. ಎಪಾಕ್ಸಿಯ ಗಟ್ಟಿಕಾರಕ ಚರ್ಮಕ್ಕೆ ಅದೇ ಬಗೆಯ ಅಲರ್ಜಿ ತರುತ್ತದೆ, ವಾಸನೆ ಕಡಿಮೆಯಾದ್ದರಿಂದ ಜನ ಕೈಗವಸು ಮರೆಯುತ್ತಾರೆ. ಗಾಳಿಯಾಡುವ ಜಾಗ, ನೈಟ್ರೈಲ್ ಕೈಗವಸು ಎಲ್ಲಕ್ಕೂ ಬೇಕು. ಯುರೇಥೇನ್ ಮತ್ತು ಪಾಲಿಯೆಸ್ಟರ್‌ಗೆ ಸಾವಯವ ಆವಿಯನ್ನು ಹಿಡಿಯುವ ಕಾರ್ಟ್ರಿಜ್‌ನ ಮುಖವಾಡ ಬೇಕು. ದೂಳಿನ ಬಟ್ಟೆ ಮುಖವಾಡ ಆವಿಯನ್ನು ತಡೆಯದು.

ಹಾಗಾದರೆ ಯಾರಿಗೆ ಯಾವುದು

ಮರ ಮತ್ತು ರೆಸಿನ್ ಸೇರಿದ ಬ್ಲ್ಯಾಂಕು ನಿಮ್ಮ ಗುರಿಯಾಗಿದ್ದು, ಒತ್ತಡದ ಪಾತ್ರೆಯೂ ಗಾಳಿ ತುಂಬುವ ಕಂಪ್ರೆಸರೂ ಇದ್ದರೆ 12 ನಿಮಿಷದ ಯುರೇಥೇನನ್ನು ಆರಿಸಿ, ಅದರ ಜೊತೆಗೆ ಒಣಗಿಸುವ ಒಲೆಯನ್ನೂ ತಕ್ಕಡಿಯನ್ನೂ ಲೆಕ್ಕಕ್ಕೆ ಸೇರಿಸಿ. ಬಣ್ಣದ ಸುಳಿಗಳ ಬ್ಲ್ಯಾಂಕಿಗೂ ಅದೇ. ಕೊಳವೆಯ ಮೇಲೆ ಏನನ್ನಾದರೂ ಜೋಡಿಸಿ ಗಾಜಿನಂತೆ ಮುಚ್ಚುವ ಆಸೆಯಿದ್ದು, ಹರಿತ ಉಳಿಯ ಮೇಲೆ ಹಿಡಿತವಿದ್ದು, ಘಾಟನ್ನು ಹೊರಹಾಕುವ ಜಾಗವಿದ್ದರೆ ಪಾಲಿಯೆಸ್ಟರ್ ನಿರಾಸೆಗೊಳಿಸದು. ಒತ್ತಡದ ಪಾತ್ರೆ ಇಲ್ಲ, ಮನೆಯೊಳಗೇ ಕೆಲಸ, ತಿಂಗಳಿಗೆ ಎರಡು ಮೂರು ಬ್ಲ್ಯಾಂಕು ಸಾಕು ಎನ್ನುವವರು ದಪ್ಪ ಎರಕದ ನಿಧಾನ ಎಪಾಕ್ಸಿಯಿಂದ ಆರಂಭಿಸಲಿ. ಒತ್ತಡವಿಲ್ಲದೆ ಬೇಗದ ಯುರೇಥೇನ್ ಹೊಯ್ದು ಗುಳ್ಳೆಗಳನ್ನು ಎಣಿಸುತ್ತ ಕೂರುವುದಕ್ಕಿಂತ ಮೂರು ದಿನ ಕಾಯುವುದು ಅಗ್ಗ.

ಈಗಾಗಲೇ ಮನೆಯಲ್ಲಿ ತೆರೆದಿಟ್ಟ ಹಳೆಯ ಯುರೇಥೇನ್ ಇದ್ದರೆ ಅದನ್ನೇ ನೇರವಾಗಿ ಬ್ಲ್ಯಾಂಕಿಗೆ ಸುರಿಯಬೇಡಿ. ಹತ್ತು ಗ್ರಾಂ ಬೆರೆಸಿ ಪ್ಲಾಸ್ಟಿಕ್ ಲೋಟದಲ್ಲಿ, ಒತ್ತಡವಿಲ್ಲದೆ, ಬೇರೇನನ್ನೂ ಸೇರಿಸದೆ ಬಿಟ್ಟು ನೋಡಿ. ಕಲಸಿದಾಗ ಸೇರಿದ ಗುಳ್ಳೆಗಳು ಚದುರಿದಂತೆ ಕಾಣುವುದು ಸಹಜ. ಹೆಪ್ಪುಗಟ್ಟುವಾಗ ಹೊಸದಾಗಿ ಹುಟ್ಟಿ ಮೇಲ್ಮೈ ಉಬ್ಬಿದರೆ ತೇವ ಬಾಟಲಿಯೊಳಗೇ ಸೇರಿದೆ ಎಂದು ಅರ್ಥ, ಆ ಬಾಟಲಿಯ ರೆಸಿನ್ ಇನ್ನು ಎರಕಕ್ಕೆ ಬಾರದು.